ಧರ್ಮಗಳ ಅಧ್ಯಯನ: ಇಸ್ಲಾಮೀ ಮತ್ತು ಪಾಶ್ಚಾತ್ಯ ಕ್ರಮಗಳು (ಬಿಜಾಪುರ–ಮುಧೋಳ ಸೀಮೆ)

ಒಂದು ಪರಂಪರೆಯ ವಿದ್ವಾಂಸರು ಇನ್ನೊಂದರ ನಂಬಿಕೆ, ಗ್ರಂಥ, ಆಚರಣೆಗಳನ್ನು ಅರಿಯಲು ಹಿಡಿದ ದಾರಿಗಳು. ಮುಧೋಳ, ಜಮಖಂಡಿ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಅಧೀನದಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಘೋರ್ಪಡೆ ಮತ್ತು ಪಟವರ್ಧನ ಮನೆತನಗಳ ಸಂಸ್ಥಾನಗಳಾಗಿ ಉಳಿಯಿತು. ಹೀಗಾಗಿ ಇಸ್ಲಾಮೀ, ಪಾಶ್ಚಾತ್ಯ ಎರಡೂ ದಾರಿಗಳು ಈ ಸೀಮೆಯನ್ನು ಹಾದುಹೋಗಿವೆ.

ಇಸ್ಲಾಮೀ ಕ್ರಮ
ಮುಸ್ಲಿಂ ವಿದ್ವಾಂಸ ಅಲ್‌ಬಿರೂನಿ ಸಂಸ್ಕೃತ ಕಲಿತು, ಸುಮಾರು 1030ರಲ್ಲಿ ಭಾರತದ ಬಗ್ಗೆ ಅರಬ್ಬಿಯಲ್ಲಿ ಗ್ರಂಥ ಬರೆದ. ಖಂಡಿಸುವುದಕ್ಕಿಂತ ಹಿಂದೂಗಳು ಹೇಳುವುದನ್ನು ಅವರ ಗ್ರಂಥಗಳಿಂದಲೇ ಎತ್ತಿ ಕೊಡುವುದು ಅವನ ಪದ್ಧತಿ. 12ನೆಯ ಶತಮಾನದ ಶಹ್ರಸ್ತಾನಿ ಮತಪಂಥಗಳನ್ನು ವರ್ಗೀಕರಿಸಿದ; ಪ್ರವಾದಿತ್ವ ಮತ್ತು ದೈವದತ್ತ ಗ್ರಂಥ ಅವನ ವರ್ಗೀಕರಣದ ಮುಖ್ಯ ಅಳತೆಗೋಲುಗಳು.

ಬಿಜಾಪುರದಲ್ಲಿ ಈ ಕುತೂಹಲ ಅರಮನೆಯನ್ನು ಹೊಕ್ಕಿತು. 1570ರ 'ನುಜೂಮ್ ಅಲ್‌ಉಲೂಮ್' ಎಂಬ ಗ್ರಂಥ ಭಾರತೀಯ ಜ್ಯೋತಿಷ, ಯೋಗಿನಿಯರ ವಿಚಾರಗಳನ್ನು ಚಿತ್ರಸಹಿತ ಒಳಗೊಂಡಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) 'ಕಿತಾಬ್-ಇ-ನವರಸ್'ನಲ್ಲಿ ಸರಸ್ವತಿಯನ್ನೂ ಸೂಫಿ ಸಂತ ಗೇಸುದರಾಜರನ್ನೂ ಸ್ತುತಿಸಿದ. ಅವನ ಆಶ್ರಯದ ಇತಿಹಾಸಕಾರ ಫಿರಿಶ್ತಾ, ಮಹಾಭಾರತದ ಫಾರಸಿ ಅನುವಾದವನ್ನು ಬಳಸಿ ಹಿಂದೂ ನಂಬಿಕೆಗಳ ವಿವರಣೆಯಿಂದಲೇ ತನ್ನ ಇತಿಹಾಸವನ್ನು ಆರಂಭಿಸಿದ.

ಪಾಶ್ಚಾತ್ಯ ಕ್ರಮ
ಮೈಸೂರು ಸೀಮೆಯಲ್ಲಿ ನೆಲೆಸಿದ್ದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾನ ಹೆಸರಿನಲ್ಲಿ ಹಿಂದೂ ಆಚಾರಗಳ ಕುರಿತ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1851ರಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೆಲೆಯೂರಿತು. ಅದರ ಪಾದ್ರಿ ವುರ್ತ್ 1860ರ ದಶಕದಲ್ಲಿ ವೀರಶೈವ ಪುರಾಣಗಳನ್ನು ಇಂಗ್ಲಿಷಿಗೆ ತಂದ. ಅದೇ ಮಿಷನ್ನಿನ ಕಿಟೆಲ್ 1876ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್‌ನಲ್ಲಿ ಬರೆದ. ಮತಪ್ರಚಾರ ಈ ಪಾದ್ರಿಗಳ ಉದ್ದೇಶವಾಗಿದ್ದರೂ ಭಾಷೆ ಮತ್ತು ಪಠ್ಯಗಳಿಗೆ ತೋರಿದ ಶ್ರದ್ಧೆ ದೊಡ್ಡದು. 1870ರಲ್ಲಿ ಮ್ಯಾಕ್ಸ್ ಮುಲ್ಲರ್ ಲಂಡನ್ನಿನ ಉಪನ್ಯಾಸಗಳಲ್ಲಿ, ಭಾಷೆಗಳನ್ನು ಹೋಲಿಸುವಂತೆಯೇ ಧರ್ಮಗಳನ್ನೂ ಹೋಲಿಸಿ ನೋಡುವ ಶಾಸ್ತ್ರವೊಂದನ್ನು ಪ್ರತಿಪಾದಿಸಿದ. 1978ರಲ್ಲಿ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳನ್ನು ಸಮಾಜದ ಇತಿಹಾಸದೊಳಗಿಟ್ಟು ಪರಿಶೀಲಿಸಿದ.

ವಿಮರ್ಶೆ
ಇಸ್ಲಾಮೀ ಕ್ರಮಕ್ಕೆ ಏಕದೇವನಿಷ್ಠೆ ಆಧಾರ. ಪಾಶ್ಚಾತ್ಯ ಕ್ರಮ ತನ್ನನ್ನು ನಿಷ್ಪಕ್ಷಪಾತಿ ಎಂದು ಕರೆದುಕೊಂಡಿತು. ಆದರೆ ಅದರ 'ಧರ್ಮ'ದ ಕಲ್ಪನೆಯೇ ಕ್ರೈಸ್ತ ದೇವತಾಶಾಸ್ತ್ರದಿಂದ ಬಂದದ್ದು ಎಂದು ಬೆಂಗಳೂರು ಮೂಲದ ಎಸ್.ಎನ್. ಬಾಲಗಂಗಾಧರ 1994ರ ಗ್ರಂಥದಲ್ಲಿ ವಾದಿಸಿದರು. ಈ ವಾದವನ್ನು ಒಪ್ಪದವರೂ ಇದ್ದಾರೆ.

ಕನ್ನಡದ ಅಧ್ಯಯನ
ಫ.ಗು. ಹಳಕಟ್ಟಿ ಬಿಜಾಪುರದಲ್ಲಿದ್ದು ವಚನಗಳ ತಾಡವೋಲೆಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟಿಸಿದರು. ರಹಮತ್ ತರೀಕೆರೆ ಸೂಫಿ, ನಾಥ, ಶಾಕ್ತ ಪಂಥಗಳನ್ನೂ ಮೊಹರಂ ಆಚರಣೆಯನ್ನೂ ಊರೂರು ತಿರುಗಿ ದಾಖಲಿಸಿದರು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಮೊಹರಂ ಸಮಯದಲ್ಲಿ ಹಿಂದೂಗಳೂ ಫಕೀರರಾಗುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಮತಗಳನ್ನು ಬೇರೆಬೇರೆಯಾಗಿ ವಿಂಗಡಿಸುವ ಯಾವ ಪಟ್ಟಿಯಲ್ಲೂ ಇಂಥ ಭಕ್ತಿಗೆ ಪೂರ್ಣ ಜಾಗವಿಲ್ಲ. ಆದ್ದರಿಂದ ಈ ಸೀಮೆಯ ಧಾರ್ಮಿಕ ಬದುಕನ್ನು ಅರಿಯಲು ಗ್ರಂಥಗಳ ಜೊತೆಗೆ ಹಾಡುವವರ ಮಾತನ್ನೂ ಆಧಾರವಾಗಿ ಸ್ವೀಕರಿಸಬೇಕು.