ವಸಡಿಗೆ ಕತ್ತಿ ಬಂದ ಕಥೆ

ಕಳೆದ ಯುಗಾದಿಯಂದು ಸಂಘದ ಸಭಾಂಗಣದಲ್ಲಿ ಹಂಚಿದ ಕೋಡುಬಳೆಯನ್ನು ಕಡಿದಾಗ ನಮ್ಮ ಕೆಳದವಡೆಯ ಹಲ್ಲೊಂದು ಅಲ್ಲಾಡಿತು. ತಪ್ಪು ಕೋಡುಬಳೆಯದಲ್ಲ, ಅದನ್ನು ಕರಿದ ತಾಯಂದಿರು ಬೇಸರಿಸಬಾರದು. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದುದನ್ನು ನಾಲ್ಕೈದು ವರ್ಷ ಹಳೆಯ ಕಡತದಂತೆ ಪಕ್ಕಕ್ಕೆ ಸರಿಸಿಟ್ಟವರು ನಾವೇ. ದಂತವೈದ್ಯರು ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಅಳತೆಗಡ್ಡಿಯೊಂದನ್ನು ಇಳಿಸಿ ನೋಡಿ, "ಇಲ್ಲಿ ಆರು ಮಿಲಿಮೀಟರ್ ಸಂದು ಬಿಟ್ಟಿದೆ. ಮೊದಲು ಕಿಟ್ಟ ತೆಗೆಯೋಣ. ಆಮೇಲೂ ಸಂದು ಮುಚ್ಚದಿದ್ದರೆ ವಸಡು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡಬೇಕಾದೀತು" ಎಂದರು.

ಶಸ್ತ್ರವೆಂದೊಡನೆ ನಮಗೆ ಅಜ್ಜನ ನೆನಪಾಯಿತು. 1950ರ ದಶಕದಲ್ಲಿ ಮಂಡಿನೋವಿಗೆ ಔಷಧಿ ಕೇಳಲು ಹೋದ ಅವರಿಗೆ, "ವಸಡಿನ ಕೀವಿನ ವಿಷವೇ ಮಂಡಿಗೆ ಇಳಿದಿದೆ" ಎಂದು ಹೇಳಿ, ಇದ್ದ ಹಲ್ಲುಗಳನ್ನೆಲ್ಲ ಕಿತ್ತು ಕಳುಹಿಸಿದ್ದರಂತೆ. ಹಲ್ಲು ಹೋದವು, ಮಂಡಿನೋವು ಉಳಿಯಿತು. ಹುರಿಗಡಲೆಯನ್ನು ಒರಳಿನಲ್ಲಿ ಕುಟ್ಟಿಸಿಕೊಂಡು ತಿನ್ನುತ್ತಿದ್ದ ಅಜ್ಜನನ್ನು ಕಂಡು ಬೆಳೆದವರು ನಾವು. ಆದ್ದರಿಂದ ಕುರ್ಚಿಯ ಮೇಲೆ ಒರಗುವ ಮೊದಲು ಈ ವಿದ್ಯೆಯ ಪೂರ್ವೋತ್ತರವನ್ನು ತಿಳಿಯಬೇಕೆನಿಸಿ, ಹಳೆಯ ಬಿ.ಎಸ್ಸಿ.ಯ ಧೂಳು ಕೊಡವಿ ಓದಲು ಕುಳಿತೆವು.

ವಸಡಿನ ಬೇನೆ ಹೊಸದೇನಲ್ಲ. ಸುಶ್ರುತ ಸಂಹಿತೆ ಬಾಯಿಯ ಅರವತ್ತೈದು ರೋಗಗಳನ್ನು ಎಣಿಸುತ್ತದೆ; ಅವುಗಳಲ್ಲಿ ಹದಿನೈದು ದಂತಮೂಲದವು, ಎಂದರೆ ವಸಡಿನವು. ವಸಡು ಮೆತ್ತಗಾಗಿ, ಕಪ್ಪಿಟ್ಟು, ಕಾರಣವಿಲ್ಲದೆ ರಕ್ತ ಸುರಿಯುವುದು 'ಶೀತಾದ'. ಉರಿಯೆದ್ದು ಹಣ್ಣಾಗಿ ಹಲ್ಲುಗಳು ಅಲ್ಲಾಡುವುದು 'ಉಪಕುಶ'. ಮೊದಲನೆಯದಕ್ಕೆ ಕೆಟ್ಟ ರಕ್ತವನ್ನು ತೆಗೆದು, ಶುಂಠಿ, ಸಾಸಿವೆ, ತ್ರಿಫಲೆಗಳ ಕಷಾಯದಿಂದ ಬಾಯಿ ಮುಕ್ಕಳಿಸಬೇಕು. ಎರಡನೆಯದಕ್ಕೆ ಒರಟು ಎಲೆಗಳಿಂದ ವಸಡನ್ನು ಕೆರೆದು, ಉಪ್ಪು, ಜೇನು, ತ್ರಿಕಟುಗಳನ್ನು ತಿಕ್ಕಬೇಕು. ಹೆಚ್ಚಾಗಿ ಬೆಳೆದ ಮಾಂಸವನ್ನು ಕತ್ತರಿಸುವ ವಿಧಾನವೂ ಉಂಟು. ಹಲ್ಲಿನ ಮೇಲೆ ಸಕ್ಕರೆಯ ಹರಳಿನಂತೆ ಗಟ್ಟಿಗಟ್ಟುವ ಕಿಟ್ಟಕ್ಕೆ ಸುಶ್ರುತ ಇಟ್ಟ ಹೆಸರು 'ದಂತಶರ್ಕರಾ'. ಅದನ್ನು ವಸಡಿಗೆ ನೋವಾಗದಂತೆ ತೆಗೆಯಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಆದರೆ ಈ ಶರ್ಕರೆಯನ್ನು ಹಲ್ಲಿನ ರೋಗಗಳ ಪಟ್ಟಿಗೆ ಸೇರಿಸಿದ್ದಾರೆಯೇ ಹೊರತು ವಸಡಿನ ರೋಗಗಳ ಪಟ್ಟಿಗಲ್ಲ.

ಈ ಎರಡು ಪಟ್ಟಿಗಳಿಗೆ ಸ್ಪಷ್ಟವಾದ ಗಂಟು ಹಾಕಿದವನು ಸ್ಪೇನಿನ ಕಾರ್ಡೋಬಾ ಪ್ರಾಂತದ ಅರಬ್ ಶಸ್ತ್ರವೈದ್ಯ ಅಲ್ ಜಹ್ರಾವಿ (936–1013). ಹಲ್ಲಿಗೆ ಕಟ್ಟಿದ ಕಿಟ್ಟದಿಂದಲೇ ವಸಡು ಕೆಡುತ್ತದೆಂದು ಅವನು ಬರೆದ. ಅದನ್ನು ಕೆರೆದು ತೆಗೆಯಲು ಹದಿನಾಲ್ಕು ಬಗೆಯ ಉಳಿಗಳ ಚಿತ್ರಗಳನ್ನು ಕೊಟ್ಟ. ಒಂದು ದಿನಕ್ಕೆ ಮುಗಿಯದಿದ್ದರೆ ಮತ್ತೊಂದು ದಿನ ಕರೆಸಿ ಕೆರೆಯಿರಿ ಎಂದ. ಇಂದಿನ ದಂತವೈದ್ಯರು ನಮ್ಮನ್ನು ಮತ್ತೆ ಮತ್ತೆ ಕರೆಸುವುದಕ್ಕೆ ಸಾವಿರ ವರ್ಷದ ಆಧಾರವಿದೆಯೆಂದು ಆಗ ತಿಳಿಯಿತು.

ಕಿಟ್ಟದ ಮೂಲವಾದ ಮೆತ್ತನೆಯ ಪಾಚಿಯಲ್ಲಿ ಏನಿದೆ ಎಂಬುದನ್ನು ಮೊದಲು ಕಂಡವನು ವೈದ್ಯನಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ಊರಿನ ಆಡಳಿತ ಕಛೇರಿಯಲ್ಲಿ ಅವನಿಗೊಂದು ಸಣ್ಣ ಹುದ್ದೆಯೂ ಇತ್ತೆಂಬುದು ನಮ್ಮಂಥ ಗುಮಾಸ್ತರಿಗೆ ಹೆಮ್ಮೆಯ ಸಂಗತಿ. ದಿನವೂ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದ ಆತ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನೂ, ಹುಟ್ಟಿದಾರಭ್ಯ ಹಲ್ಲುಜ್ಜದ ಮುದುಕನೊಬ್ಬನ ಪಾಚಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಓಡಾಡುವ ಜೀವಿಗಳ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆ ಜೀವಿಗಳಿಗೂ ರೋಗಕ್ಕೂ ಇರುವ ನಂಟನ್ನು ಜನ ಒಪ್ಪಲು ಇನ್ನೂ ಎರಡು ಶತಮಾನ ಬೇಕಾಯಿತು.

ನಿಜವಾದ ಜಗಳ ಹತ್ತಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದ ಹಾರ್ಟ್‌ಫರ್ಡಿನ ಜಾನ್ ರಿಗ್ಸ್ ಎಂಬ ದಂತವೈದ್ಯನ ಹೆಸರಿನಿಂದಲೇ ಈ ಬೇನೆಯನ್ನು 'ರಿಗ್ಸ್ ರೋಗ' ಎಂದು ಬಹುಕಾಲ ಕರೆಯುತ್ತಿದ್ದರು. ವಸಡನ್ನು ಕತ್ತರಿಸುವುದು ಅನಾವಶ್ಯಕ, ಬೇರಿನ ಮೇಲಿನ ಕಿಟ್ಟವನ್ನು ಬಿಡದೆ ಕೆರೆದರೆ ಸಾಕು ಎಂಬುದು ಅವನ ವಾದ. ಅತ್ತ ವಿಯೆನ್ನಾದ ರೋಬಿಚೆಕ್ 1884ರಲ್ಲಿ, ಸಂದಿನ ಹೊರಗೋಡೆಯಂತಿರುವ ವಸಡನ್ನೇ ಕತ್ತರಿಸಿ ತೆಗೆಯುವ ಕ್ರಮವನ್ನು ವಿವರಿಸಿದ. ಸಂದು ಹೋಯಿತು, ಆದರೆ ಬೇರು ಬಯಲಾಗಿ ಹಲ್ಲು ಉದ್ದವಾಗಿ ಕಾಣತೊಡಗಿತು. 1918ರಲ್ಲಿ ಸ್ವೀಡನ್ನಿನ ವಿಡ್‌ಮನ್ ಇನ್ನೊಂದು ದಾರಿ ತೋರಿಸಿದ: ವಸಡನ್ನು ಪುಸ್ತಕದ ಹಾಳೆಯಂತೆ ಬಿಡಿಸಿ, ಒಳಗಿನ ಬೇರನ್ನು ಕಣ್ಣಾರೆ ಕಂಡು ಕೆರೆದು, ಹಾಳೆಯನ್ನು ಮತ್ತೆ ಮುಚ್ಚಿ ಹೊಲಿಯುವುದು. 1974ರಲ್ಲಿ ಇದು ಇನ್ನಷ್ಟು ಮೃದುವಾದ ರೂಪ ಪಡೆಯಿತು. ನಮ್ಮ ವೈದ್ಯರು ಹೇಳಿದ್ದು ಇದೇ ವಂಶದ ಚಿಕಿತ್ಸೆ.

ಅಜ್ಜನ ಹಲ್ಲುಗಳ ಲೆಕ್ಕ ಸಿಕ್ಕಿದ್ದು ಈ ನಡುವೆ. 1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಮಾಡಿದ ಭಾಷಣದಲ್ಲಿ, ಬಾಯಿಯ ಕೀವೇ ದೇಹದ ಹಲವು ಕಾಯಿಲೆಗಳಿಗೆ ಮೂಲವೆಂದು ಸಾರಿದ. ಆ ಮಾತು ಊರೂರು ಹಬ್ಬಿ, ಕೀಲುನೋವಿಗೂ ಹಲ್ಲು ಕೀಳುವ ಕಾಲ ಬಂತು. ಹಂಟರನ ಮಾತು ಪೂರ್ತಿ ಸುಳ್ಳೇನಲ್ಲ. ಸಕ್ಕರೆ ಕಾಯಿಲೆ ಮತ್ತು ವಸಡಿನ ರೋಗ ಒಂದನ್ನೊಂದು ಕೆಣಕುತ್ತವೆಂದು ಇಂದು ವೈದ್ಯರೇ ಹೇಳುತ್ತಾರೆ. ಆದರೆ ಅರ್ಧ ಸತ್ಯಕ್ಕೆ ಪೂರ್ತಿ ಹಲ್ಲಿನ ಸಾಲನ್ನು ತೆತ್ತವರಲ್ಲಿ ನಮ್ಮ ಅಜ್ಜನೂ ಒಬ್ಬರು.

ಜಗಳ ತೀರಿಸಿದ್ದು ಎರಡು ಸರಳ ಪ್ರಯೋಗಗಳು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು, ಆರೋಗ್ಯವಾದ ವಸಡಿದ್ದ ಹನ್ನೆರಡು ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಮಂದಿಯ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದಾಗ ಗುಣವಾಯಿತು. ಸ್ವೀಡನ್ನಿನಲ್ಲಿ ಐದು ಬಗೆಯ ಶಸ್ತ್ರಚಿಕಿತ್ಸೆಗಳನ್ನು ಹೋಲಿಸಿ ನೋಡಿದರು. ಎರಡು ವಾರಕ್ಕೊಮ್ಮೆ ಹಲ್ಲು ಶುಚಿ ಮಾಡಿಸಿಕೊಂಡವರಲ್ಲಿ ಯಾವ ಬಗೆಯಾದರೂ ಗಾಯ ಮಾಗಿ ವಸಡು ಗಟ್ಟಿಯಾಯಿತು. ಪಾಚಿಯನ್ನು ಬೆಳೆಯಬಿಟ್ಟವರಲ್ಲಿ ಐದೂ ಬಗೆ ಸೋತು, ರೋಗ ಮುಂದುವರಿಯಿತು ಎಂದು 1977ರಲ್ಲಿ ಪ್ರಕಟಿಸಿದರು. ಕತ್ತಿ ಬಾಗಿಲು ತೆರೆದು ಕೊಡುತ್ತದೆ. ಮನೆ ಗುಡಿಸುವವರು ನಾವೇ ಎಂದಾಯಿತು.

ಅಂದಕ್ಕಾಗಿ ನಡೆಯುವ ಚಿಕಿತ್ಸೆಗಳಿಗೂ ಇದೇ ಮಾತು. ಬಯಲಾದ ಬೇರಿಗೆ ಅಂಗುಳಿನ ಚರ್ಮ ತಂದು ಕಸಿ ಮಾಡುವುದು 1960ರ ದಶಕದಿಂದ ಬಳಕೆಗೆ ಬಂತು. ತೋಟಗಾರನ ಕಸಿಯಂತೆ ಇಲ್ಲಿಯೂ ಆರೈಕೆ ತಪ್ಪಿದರೆ ಫಲವಿಲ್ಲ. ಕಪ್ಪು ವಸಡನ್ನು ಕೆಂಪಾಗಿಸಲು ಹಂಬಲಿಸುವ ಯುವಜನರಿಗೆ ಒಂದು ಮಾತು: ನಮ್ಮ ಮೈಬಣ್ಣದವರ ವಸಡಿನಲ್ಲಿ ಹುಟ್ಟಿನಿಂದ ಇರುವ ಆ ಕಪ್ಪು ರೋಗವಲ್ಲ, ಚರ್ಮದ ಬಣ್ಣವೇ. ಕೆರೆದು ತೆಗೆದರೂ ಎಷ್ಟೋ ಸಲ ಮತ್ತೆ ಬರುತ್ತದೆ.

ಇಷ್ಟು ಓದಿದ ಮೇಲೆ ನಮ್ಮ ಭಯ ಕಡಿಮೆಯಾಯಿತು, ನಾಚಿಕೆ ಹೆಚ್ಚಾಯಿತು. ಎರಡು ಸಲ ಕಿಟ್ಟ ತೆಗೆಸಿದೆವು. ಮೂರು ತಿಂಗಳು ರಾತ್ರಿ ಊಟವಾದ ಮೇಲೆ ಹಲ್ಲಿನ ಸಂದುಗಳನ್ನು ಬಿಡದೆ ಶುಚಿ ಮಾಡಿದೆವು. ಮತ್ತೆ ಅಳೆದಾಗ ಹೆಚ್ಚಿನ ಕಡೆ ಸಂದು ಕಿರಿದಾಗಿತ್ತು; ಒಂದೇ ಕಡೆ ಆರು ಆರಾಗಿಯೇ ಉಳಿದಿತ್ತು. ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆವು. ಹೊಲಿಗೆ ಬಿಚ್ಚುವಾಗ ವೈದ್ಯರು, "ನನ್ನ ಕೆಲಸ ಒಂದು ಗಂಟೆಯದು, ನಿಮ್ಮದು ದಿನದಿನದ್ದು" ಎಂದರು.

ಹಲ್ಲುಜ್ಜುವಾಗ ರಕ್ತ ಕಂಡ ಓದುಗರು ಅದನ್ನು ನಮ್ಮಂತೆ ಕಡತದಲ್ಲಿ ಕಟ್ಟಿಡದೆ ಆ ವಾರವೇ ತೋರಿಸಿಕೊಳ್ಳಲಿ. ಮುಂದಿನ ಯುಗಾದಿಗೆ ಸಂಘದಲ್ಲಿ ಕೋಡುಬಳೆ ಇದ್ದೇ ಇರುತ್ತದೆ.