ಸಾವಳಗಿಯಿಂದ ಕೊಲ್ಹಾಪುರಕ್ಕೆ: ವಕೀಲಿ ಓದಾಕ ಎಲ್ಲಿಗೆ ಹೋಗಬೇಕು?

 

ಹೋದ ರವಿವಾರ ಬನಹಟ್ಟಿಯಿಂದ ನಮ್ಮ ಕಾಕಾನ ಮಗಳು ಫೋನ್ ಮಾಡಿದ್ಲು. ಪಿಯುಸಿ ಮುಗಿಸ್ಯಾಳ. ಅವರ ಮನ್ಯಾಗ ನಾಲ್ಕು ಪವರ್‌ಲೂಮ್ ಅದಾವ, ಅದರ ಮ್ಯಾಲೇ ಸಂಸಾರ. "ಅಣ್ಣಾ, ಲಾ ಓದಬೇಕಂತ ಮಾಡೀನಿ. ಯಾವ ಕಾಲೇಜು ಚಲೋ ಹೇಳು" ಅಂದ್ಲು. ಹಿಂದಿನಿಂದ ಕಾಕಾನ ದನಿ: "ಬೆಂಗಳೂರ ಗಿಂಗಳೂರ ಹೇಳಬ್ಯಾಡೋ ತಮ್ಮಾ, ರೊಕ್ಕ ಎಲ್ಲಿಂದ ತರೂದು?"

ನನಗ ಉತ್ತರ ಗೊತ್ತಿರಲಿಲ್ಲ. ನಾ ಬಿಕಾಂ ಮಾಡಿದವ. ನಾನು ಕಾಲೇಜು ಆರಿಸಿದ್ದು ಹೆಂಗಂದ್ರ, ಮೂರು ಮಂದಿ ಗೆಳೆಯರು ಅರ್ಜಿ ಹಾಕಿದ್ರು, ನಾನೂ ಹಾಕಿದೆ. ಕಾಲೇಜಿನ ಮುಂದ ಬಸ್ ನಿಲ್ಲತಿತ್ತು. ಅಷ್ಟ. ಹಿಂಗಾಗಿ ನಾನು ನನಗೆ ಬರುವ ಒಂದೇ ಕೆಲಸ ಮಾಡಿದೆ. ನಮ್ಮ ಊರಿನ ಹಿಂದಿನವರು ಈ ಪ್ರಶ್ನೆಗೆ ಏನು ಉತ್ತರ ಕಂಡುಕೊಂಡಿದ್ದರು ಅಂತ ಹುಡುಕಿದೆ. ಇವತ್ತಿನ ಸಂಚಿಕೆ ಅದರ ಬಗ್ಗೆನೇ.

ಮೊದಲು ನಕ್ಷೆ ನೋಡೋಣ. ಇವತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲಾ ಬಾಗಲಕೋಟೆ ಜಿಲ್ಲೆಯೊಳಗೆ. ಆದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. 1948ಕ್ಕಿಂತ ಮೊದಲು ಒಬ್ಬ ಮನುಷ್ಯ ಈ ಊರುಗಳನ್ನು ಸುತ್ತಿ ಬಂದರೆ ನಾಲ್ಕು ಬೇರೆ ಬೇರೆ ಆಡಳಿತ ದಾಟಿದಂಗ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ರಬಕವಿ, ತೇರದಾಳ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗ. ಮನೆ ಮಾತು ಕನ್ನಡ, ಸಂಸ್ಥಾನದ ದರಬಾರಿನ ಕಾಗದಪತ್ರ ಮರಾಠಿ, ಮ್ಯಾಲಿನ ಓದು ಇಂಗ್ಲಿಷ್. ಕಾಲೇಜು? ಈ ಊರುಗಳಾಗ ಎಲ್ಲೂ ಇರಲಿಲ್ಲ.

ಅಂದಮೇಲೆ ಓದಬೇಕು ಅನ್ನೋ ಹುಡುಗ ಏನು ಮಾಡಬೇಕು? ಊರು ಬಿಡಬೇಕು.

ಜಮಖಂಡಿಯಲ್ಲೇ 1886ರಲ್ಲಿ ಹುಟ್ಟಿದ ಒಬ್ಬರು ಹಂಗ ಹೋದವರು. ರಾಮಚಂದ್ರ ದತ್ತಾತ್ರೇಯ ರಾನಡೆ. ನಿಂಬಾಳದ ಗುರುದೇವ ರಾನಡೆ ಅಂದ್ರೆ ನಿಮ್ಮ ಅಜ್ಜಿಗೆ ತಕ್ಷಣ ಗೊತ್ತಾಗತೈತಿ. ಊರಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, 1902ರಲ್ಲಿ ಮೆಟ್ರಿಕ್ ಪಾಸಾಗಿ, ಸಂಸ್ಕೃತಕ್ಕೆ ಸಿಗುವ ಜಗನ್ನಾಥ ಶಂಕರಶೇಟ ಸ್ಕಾಲರ್‌ಶಿಪ್ ಪಡೆದು, ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದರು.

ಇಲ್ಲೊಂದು ಮಾತು ಗಮನಿಸ್ರಿ. ಪುಣೆಯಲ್ಲಿ ಇವತ್ತಿಗೂ ಒಂದು ದೊಡ್ಡ ಕಾಲೇಜು ಐತಿ, ಸರ್ ಪರಶುರಾಮಭಾವು ಕಾಲೇಜು. ಅಲ್ಲಿನ ಹುಡುಗರು ಎಸ್‌ಪಿ ಅಂತಾರ. 1916ರಲ್ಲಿ ಶುರುವಾದಾಗ ಅದರ ಹೆಸರು ನ್ಯೂ ಪೂನಾ ಕಾಲೇಜು. ಆಮೇಲೆ ಜಮಖಂಡಿ ರಾಜಮನೆತನದವರು 2 ಲಕ್ಷ ರೂಪಾಯಿ ದೇಣಿಗೆ ಕೊಟ್ಟರು, ಹೆಸರು ಬದಲಾಯ್ತು. ಸಂಸ್ಥಾನದ ಬೊಕ್ಕಸಕ್ಕೆ ರೊಕ್ಕ ಬರೋದು ಎಲ್ಲಿಂದ? ನಮ್ಮ ಹೊಲಗಳ ಕಂದಾಯದಿಂದ. ಕಾಲೇಜಿಗೆ ಜಮಖಂಡಿ ರಾಜರ ಹೆಸರು ಬಂತು, ಆದ್ರ ಕಾಲೇಜು ಜಮಖಂಡಿಗೆ ಬರಲಿಲ್ಲ. ನಾ ರಾಜರನ್ನ ಬೈಯಾಕತ್ತಿಲ್ಲ. ಆಗಿನ ಕಾಲದಾಗ ಪುಣೆ ಅಂದ್ರ ಈ ಸಂಸ್ಥಾನಗಳ ಪಾಲಿಗೆ ವಿದ್ಯೆಯ ರಾಜಧಾನಿ. ಚಲೋ ಕಾಲೇಜು ಅಂದ್ರ ದೂರದಾಗ ಇರೋದು ಅನ್ನೋ ನಂಬಿಕೆ ಎಷ್ಟು ಹಳೇದು ಅಂತ ಹೇಳಾಕತ್ತೀನಿ.

ಈಗ ಕಾನೂನಿನ ಕಡೆ ಬರೋಣ. ಮುಂಬೈಯಲ್ಲಿ 1855ರಿಂದ ಸರ್ಕಾರಿ ಲಾ ಕಾಲೇಜು ಇತ್ತು. ಪುಣೆಯಲ್ಲಿ 1924ರಲ್ಲಿ ಬಂತು. ಅತ್ತ ಹಳೇ ಮೈಸೂರಿನವರದೂ ಅದೇ ಕತೆ. ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ಶುರುವಾಗಿದ್ದು 1948ರಲ್ಲಿ. ಹಂಗಾಗಿ ನಿಜಲಿಂಗಪ್ಪನವರು, ಕೆಂಗಲ್ ಹನುಮಂತಯ್ಯನವರು ಇಬ್ಬರೂ ಪುಣೆಗೆ ಹೋಗಿ ಕಾನೂನು ಓದಿದವರು.

ನಮ್ಮ ಭಾಗಕ್ಕೆ ಮೊದಲ ಹತ್ತಿರದ ಬಾಗಿಲು ತೆರೆದದ್ದು ಕೊಲ್ಹಾಪುರದಲ್ಲಿ, 1933ರಲ್ಲಿ. ಸೈಕ್ಸ್ ಲಾ ಕಾಲೇಜು. ಆಗಿನ ಮುಂಬೈ ಗವರ್ನರ್ ಆಗಿದ್ದ ಫ್ರೆಡರಿಕ್ ಸೈಕ್ಸ್ ಹೆಸರು. ಇವತ್ತು ಅದು ಶಹಾಜಿ ಲಾ ಕಾಲೇಜು. ಪುಣೆ, ಮುಂಬೈಗೆ ಹೋಲಿಸಿದರೆ ಸಣ್ಣದು, ಹೊಸದು, ಹೆಸರಿಲ್ಲದ್ದು.

ಆದರೆ ಕೊಲ್ಹಾಪುರದಲ್ಲಿ ಬೇರೆ ಒಂದು ಇತ್ತು, ಹಾಸ್ಟೆಲ್. ಶಾಹು ಮಹಾರಾಜರು 1901ರಿಂದ ಒಂದೊಂದಾಗಿ ಬೋರ್ಡಿಂಗ್‌ಗಳನ್ನು ಕಟ್ಟಿಸಲು, ಬೆಂಬಲಿಸಲು ಶುರುಮಾಡಿದರು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆಂದು ದೂರ ಇಟ್ಟವರಿಗೆ. 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲಿಟ್ಟ ರಾಜ ಅವರೇ. ಮೀಸಲಾತಿ ಕಾಗದದ ಮ್ಯಾಲೆ ಇದ್ದರೆ ಸಾಲದು, ಹಳ್ಳಿ ಹುಡುಗನಿಗೆ ಊರಾಗ ಮಲಗಾಕ ಜಾಗ, ಉಣ್ಣಾಕ ರೊಟ್ಟಿ ಬೇಕು ಅನ್ನೋದು ಅವರಿಗೆ ತಿಳಿದಿತ್ತು. ಕಾಲೇಜು ಎಷ್ಟು ದೊಡ್ಡದು ಅನ್ನೋದಕ್ಕಿಂತ ಅಲ್ಲಿ ಪೂರ್ತಿ ಓದಿ ಮುಗಿಸಾಕ ಆಗತೈತೋ ಇಲ್ಲೋ ಅನ್ನೋದು ಮುಖ್ಯ.

ಈಗ ನಮ್ಮ ಕತೆಯ ನಾಯಕ. ಜಮಖಂಡಿ ತಾಲೂಕಿನ ಸಾವಳಗಿ, 1912. ಬಸಪ್ಪ ದಾನಪ್ಪ ಜತ್ತಿ. ಹೈಸ್ಕೂಲು ವಿಜಾಪುರದಲ್ಲಿ. ಬಿಎ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಕಾನೂನು ಅದೇ ಊರಿನ ಸೈಕ್ಸ್ ಲಾ ಕಾಲೇಜಿನಲ್ಲಿ. ಡಿಗ್ರಿ ಹಿಡ್ಕೊಂಡು ಅವರು ಮುಂಬೈ ಹೈಕೋರ್ಟಿಗೆ ಹೋಗಲಿಲ್ಲ. ಜಮಖಂಡಿಗೆ ವಾಪಸ್ ಬಂದು ವಕೀಲಿ ಶುರುಮಾಡಿದರು.

ಆಮೇಲಿನದು ಒಂದರ ಹಿಂದ ಒಂದು. ಜಮಖಂಡಿ ಪುರಸಭೆ ಸದಸ್ಯ, ಅಧ್ಯಕ್ಷ. ಸಂಸ್ಥಾನದ ಶಾಸನಸಭೆ, ಮಂತ್ರಿ, 1948ರಲ್ಲಿ ದಿವಾನ. ಆ ವರ್ಷ ಮಾರ್ಚ್ 8ಕ್ಕೆ ಜಮಖಂಡಿ ಮುಂಬೈ ಪ್ರಾಂತ್ಯದಲ್ಲಿ ವಿಲೀನ ಆಯ್ತು. ದಿವಾನಗಿರಿ ಹೋಯ್ತು. ಜತ್ತಿಯವರು ಮತ್ತೆ ವಕೀಲಿಗೆ ಕುಂತರು! ಅಧಿಕಾರ ಹೋದ ಮರುದಿನ ಮಾಡಾಕ ಒಂದು ಕೆಲಸ ಐತಿ ಅನ್ನೋದು ಸಣ್ಣ ಮಾತಲ್ಲ. ಮುಂದೆ ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬೈ ವಿಧಾನಸಭೆಗೆ ನಾಮಕರಣಗೊಂಡರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1958ರಿಂದ 1962ರವರೆಗೆ ಮುಖ್ಯಮಂತ್ರಿ.

ಇಲ್ಲಿ ಅವರ ಕಾನೂನು ಓದು ನೇರವಾಗಿ ಉಪಯೋಗಕ್ಕೆ ಬಂತು. ಹೊಸ ರಾಜ್ಯದಾಗ ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು, ಹೀಗೆ ಐದು ಕಡೆಯ ಭೂಮಿ ಕಾನೂನು ಕಲಸುಮೇಲೋಗರ ಆಗಿದ್ದವು. ಗೇಣಿದಾರನ ಹಕ್ಕು ಒಂದೊಂದು ಜಿಲ್ಲೆಗೆ ಒಂದೊಂದು ತರಹ. ಇದನ್ನು ಸರಿಮಾಡಲು 1957ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷರು ಜತ್ತಿಯವರೇ. ಅದರ ವರದಿಯ ಮೇಲೆ ಬಂದದ್ದು 1961ರ ಭೂ ಸುಧಾರಣಾ ಕಾಯ್ದೆ. ಸಂಸ್ಥಾನ, ಮುಂಬೈ, ಮೈಸೂರು, ಮೂರೂ ಆಡಳಿತ ಕಣ್ಣಾರೆ ಕಂಡ ತಾಲೂಕಿನ ವಕೀಲನ ಕೈಗೆ ಆ ಕೆಲಸ ಸಿಕ್ಕಿತ್ತು.

1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿ. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದು ಅವರೇ. ಆ ಏಪ್ರಿಲ್‌ನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಬಂದಾಗ ತಕ್ಷಣ ಸಹಿ ಹಾಕದೆ ತಡೆದು, ಆಮೇಲೆ ಹಾಕಿದರು. ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ಲಾ ಓದೋ ಹುಡುಗರು ಇವತ್ತಿಗೂ ಜಗಳ ಆಡಬಹುದು.

ಇಲ್ಲಿಗೆ ನಿಲ್ಲಿಸಿ, "ನೋಡ್ರಿ, ಸಣ್ಣ ಕಾಲೇಜಿನಾಗ ಓದಿದವರು ರಾಷ್ಟ್ರಪತಿ ಭವನಕ್ಕ ಹೋದ್ರು, ನೀವೂ ಹೋಗ್ರಿ" ಅಂತ ಹೇಳಿ ಮುಗಿಸಬಹುದು. ಆದ್ರ ಅದು ಅರ್ಧ ಸತ್ಯ. ಒಬ್ಬ ಜತ್ತಿ ನಮಗ ನೆನಪದಾರ. ಅದೇ ವರ್ಷ ಸಾವಳಗಿ ಶಾಲೆಯಿಂದ ಎಷ್ಟು ಜಾಣ ಹುಡುಗರು ಹೊಲಕ್ಕೆ ಹೋದರು, ರಬಕವಿಯಲ್ಲಿ ಎಷ್ಟು ಹುಡುಗರು ಮಗ್ಗಕ್ಕೆ ಕುಂತರು, ಅವರ ಹೆಸರು ಎಲ್ಲೂ ಬರೆದಿಲ್ಲ. ಹುಡುಗಿಯರ ಮಾತಂತೂ ಬಿಡ್ರಿ. ನಮ್ಮ ಕಾಕಾನ ಮಗಳು ಆ ಕಾಲದಾಗ ಹುಟ್ಟಿದ್ರ ಈ ಫೋನ್ ಬರ್ತಿರಲಿಲ್ಲ. ಹಿಂಗಾಗಿ ಕಾಲೇಜು ಹತ್ತಿರ ಬರೋದು ಒಬ್ಬ ಜಾಣನಿಗಿಂತ ಹೆಚ್ಚಾಗಿ, ಹೋಗಾಕ ಆಗದೇ ಉಳಿದವರಿಗೆ ಬೇಕಾದದ್ದು.

ನಿಧಾನಕ್ಕೆ ಹತ್ತಿರ ಬಂತು. 1939ರಲ್ಲಿ ಬೆಳಗಾವಿಯಲ್ಲಿ ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಲಾ ಕಾಲೇಜು. ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಅಲ್ಲೂ ಓದಿದವರು. ಆಮೇಲೆ ಬಾಗಲಕೋಟೆಯಲ್ಲೇ ಎಸ್.ಸಿ. ನಂದಿಮಠ ಲಾ ಕಾಲೇಜು ಬಂತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಇನ್ನೊಂದು ಕಡೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಅದಕ್ಕೆ ಕ್ಲಾಟ್ ಪರೀಕ್ಷೆ ಬರೀಬೇಕು, ಅದು ಇಂಗ್ಲಿಷಿನಾಗ.

ಅಂದ್ರ ನಮ್ಮ ಹುಡುಗಿಯ ಮುಂದೆ ಈಗ ಕಾಲೇಜು ಇಲ್ಲ ಅನ್ನೋ ಕಷ್ಟ ಇಲ್ಲ, ಯಾವುದು ಅನ್ನೋ ಕಷ್ಟ ಐತಿ. ಜತ್ತಿಯವರ ದಾರಿ ನೋಡಿ ನಾನು ಆಕಿಗೆ ಮೂರು ಪ್ರಶ್ನೆ ಕೊಟ್ಟೆ.

ಒಂದು, ಅಲ್ಲಿ ಐದು ವರ್ಷ ಇರಾಕ ಆಗತೈತೇನು? ಫೀ ಒಂದೇ ನೋಡಬ್ಯಾಡ. ಹಾಸ್ಟೆಲ್, ಊಟ, ಸ್ಕಾಲರ್‌ಶಿಪ್ ಕೂಡಿಸಿ ಲೆಕ್ಕ ಹಾಕು. ಇದು ಬಿಕಾಂನವನ ಮಾತು, ನಂಬು.

ಎರಡು, ಯಾವ ಭಾಷೆಯಾಗ ಓದತಿ? ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರ ಕನ್ನಡದಾಗ ಬರೀಬಹುದು, ಆದ್ರ ಪೂರ್ತಿ ಕನ್ನಡ ಇಲ್ಲಾ ಪೂರ್ತಿ ಇಂಗ್ಲಿಷ್. ಬನಹಟ್ಟಿ ಕೋರ್ಟಿನಾಗ ಕಕ್ಷಿದಾರ ಕನ್ನಡದಾಗ ಅಳತಾನ. ಧಾರವಾಡದ ಹೈಕೋರ್ಟ್ ಪೀಠದಾಗ ವಾದ ಇಂಗ್ಲಿಷಿನಾಗ. ಕನ್ನಡದಾಗ ಶುರುಮಾಡಿದ್ರೂ ಇಂಗ್ಲಿಷ್ ಬಿಡಾಕ ಬರೂದಿಲ್ಲ.

ಮೂರು, ಓದಿ ಎಲ್ಲಿ ನಿಲ್ಲಬೇಕಂತ ಮಾಡಿ? ದೊಡ್ಡ ಕಂಪನಿಗೋ, ಊರ ಕೋರ್ಟಿಗೋ? ಎರಡೂ ಮರ್ಯಾದಿ ಕೆಲಸನ. ಆದ್ರ ಕಾಲೇಜು ಬೇರೆ ಆಗತೈತಿ.

ಇನ್ನೊಂದು ಮಾತು ಸೇರಿಸಿದೆ. ಬೆಂಗಳೂರಿನ ಆ ಶಾಲೆಯಲ್ಲಿ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದ ಮಕ್ಕಳಿಗೆ ಶೇಕಡಾ 25 ಸೀಟು ಮೀಸಲು. ನಮ್ಮ ಮಂದಿಗೆ ಇದು ಗೊತ್ತೇ ಇಲ್ಲ. ಯಾವ ಕಾಲೇಜಾದರೂ ಬಾರ್ ಕೌನ್ಸಿಲ್ ಮಾನ್ಯತೆ ಐತೋ ಇಲ್ಲೋ ನೋಡದೆ ಒಂದು ರೂಪಾಯಿ ಕಟ್ಟಬ್ಯಾಡ.

ಫೋನ್ ಸ್ಪೀಕರ್ ಮ್ಯಾಲ ಇತ್ತು. ಕಾಕಾ ಎಲ್ಲಾ ಕೇಳಿಸ್ಕೊಂಡು ಸುಮ್ಮನಿದ್ದ. ಆಮೇಲೆ ಅಂದ: "ಕೊಲ್ಹಾಪುರಕ್ಕ ಹೋದ್ರಾ ಜತ್ತಿ ಸಾಹೇಬ್ರು? ನಾವು ಸೀರಿ ಕಳಸ್ತಿದ್ವಲ್ಲ, ಆ ಕೊಲ್ಹಾಪುರ?" ಹೌದು ಕಾಕಾ, ಅದೇ ಕೊಲ್ಹಾಪುರ. "ಹಂಗಾರ ದೂರ ಅಂತ ನಾ ಹೆಂಗ ಹೇಳ್ಲಿ" ಅಂದ.

ಆಕಿ ಬಾಗಲಕೋಟಿಗೆ ಒಂದು ಅರ್ಜಿ ಹಾಕ್ಯಾಳ. ಕ್ಲಾಟ್ ಪುಸ್ತಕ ಒಂದು ತರಿಸ್ಯಾಳ. ಎಲ್ಲಿ ಸೀಟು ಸಿಗತೈತೋ ಮುಂದ ಹೇಳ್ತೀನಿ.

ನಿಮ್ಮ ಮನ್ಯಾಗ ಊರು ಬಿಟ್ಟು ಹೋಗಿ ಮೊದಲು ಡಿಗ್ರಿ ಓದಿದವರು ಯಾರು? ಅಜ್ಜನೋ, ಅತ್ತಿನೋ? ಎಲ್ಲಿಗೆ ಹೋದ್ರು, ಎಲ್ಲಿ ಉಂಡ್ರು, ತಿರುಗಿ ಬಂದ್ರೋ ಇಲ್ಲೋ? ಇವತ್ತ ಸಂಜಿಕ ಒಂದ್ಸಲ ಕೇಳ್ರಿ. ವಾಯ್ಸ್ ನೋಟ್ ಕಳಿಸ್ರಿ.