ರಾಕೆಟ್‌ನ ‘ಟೋಪಿ’ ಬಿಚ್ಚದಿದ್ದರೆ ಏನಾಗುತ್ತೆ? ಹೀಟ್ ಶೀಲ್ಡ್‌ನಿಂದ ಗಗನಯಾನಿಗಳ ಜೀವರಕ್ಷಕ ವ್ಯವಸ್ಥೆವರೆಗೆ, ಇಲ್ಲಿದೆ ಮಾಹಿತಿ

ಪುಣೆ: ಪುಣೆ ಹೊರವಲಯದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೂ (ಎನ್‌ಡಿಎ) ಭಾರತದ ಬಾಹ್ಯಾಕಾಶ ಯಾನಕ್ಕೂ ಹಳೆಯ ನಂಟಿದೆ. 1984ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ಇಲ್ಲಿನ ಕೆಡೆಟ್ ಆಗಿದ್ದವರು. ಗಗನಯಾನಕ್ಕೆ ಆಯ್ಕೆಯಾದ ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ, ಈ ನಾಲ್ವರೂ ಇಲ್ಲಿಯೇ ಕಲಿತವರು. ರಾಕೆಟ್ ಕೈಕೊಟ್ಟರೆ ಇವರನ್ನು ಉಳಿಸುವುದು ಯಾವುದು? ಅದನ್ನು ತಿಳಿಯಲು ಮೊದಲು ರಾಕೆಟ್‌ನ ಮೂತಿಯನ್ನು ನೋಡಬೇಕು.

ಏನಿದು ಹೀಟ್ ಶೀಲ್ಡ್?

ಉಪಗ್ರಹವನ್ನು ಮುಚ್ಚಿಕೊಂಡಿರುವ ರಾಕೆಟ್‌ನ ತುದಿಯ ಚೂಪು ಹೊದಿಕೆಯೇ ಪೇಲೋಡ್ ಫೇರಿಂಗ್. ಇಸ್ರೋದಲ್ಲಿ ರೂಢಿಯ ಹೆಸರು ಹೀಟ್ ಶೀಲ್ಡ್. ಪಿಎಸ್‌ಎಲ್‌ವಿಯಲ್ಲಿ ಇದರ ವ್ಯಾಸ 3.2 ಮೀಟರ್, ಎತ್ತರ 8.3 ಮೀಟರ್. ಗಾಳಿಯ ಒತ್ತಡ, ಘರ್ಷಣೆಯ ಬಿಸಿ, ಎಂಜಿನ್‌ನ ಕಿವಿಗಡಚಿಕ್ಕುವ ಸದ್ದು, ಎಲ್ಲವನ್ನೂ ಇದೇ ತಡೆಯಬೇಕು. ಆ ಸದ್ದನ್ನು ಕೃತಕವಾಗಿ ಸೃಷ್ಟಿಸಿ ಪರೀಕ್ಷಿಸುವ ಕೇಂದ್ರ ಬೆಂಗಳೂರಿನ ಎನ್‌ಎಎಲ್‌ನಲ್ಲಿದೆ.

ರಾಕೆಟ್ ಸುಮಾರು 115 ಕಿ.ಮೀ. ಎತ್ತರ ತಲುಪಿದಾಗ ಗಾಳಿ ಇಲ್ಲವೆನ್ನುವಷ್ಟು ತೆಳು. ಆಗ ಹೊದಿಕೆ ಬರೀ ಹೊರೆ. ಸಣ್ಣ ಸ್ಫೋಟಕ ಸಾಧನಗಳು ಅದನ್ನು ಎರಡು ಹೋಳಾಗಿ ಬಿಡಿಸಿ ಸಮುದ್ರಕ್ಕೆ ಬೀಳಿಸುತ್ತವೆ. ನೇರ ಪ್ರಸಾರದಲ್ಲಿ ಈ ಘಟ್ಟಕ್ಕೆ ಚಪ್ಪಾಳೆ ಕೇಳುವುದು ಸುಮ್ಮನೆ ಅಲ್ಲ.

ಪುಣೆಯ ಎಂಜಿನಿಯರಿಂಗ್ ಕಾಲೇಜಿನ (ಸಿಒಇಪಿ) ವಿದ್ಯಾರ್ಥಿಗಳು ಕಟ್ಟಿದ ಸುಮಾರು ಒಂದು ಕೆ.ಜಿ. ತೂಕದ ‘ಸ್ವಯಂ’ ಉಪಗ್ರಹ 2016ರ ಜೂನ್ 22ರಂದು ಇಂಥದ್ದೇ ಹೊದಿಕೆಯೊಳಗೆ ಕುಳಿತು ಕಕ್ಷೆ ಸೇರಿತು. ಆದಿತ್ಯ-ಎಲ್1ರಲ್ಲಿರುವ, ಪುಣೆಯ ಐಯುಕಾ ಸಂಸ್ಥೆಯ ‘ಸೂಟ್’ ದೂರದರ್ಶಕ ಹೋಗಿದ್ದೂ ಹೀಗೆಯೇ.

ಬಿಚ್ಚದೇ ಉಳಿದ ಆ ಸಂಜೆ

2017ರ ಆಗಸ್ಟ್ 31, ಸಂಜೆ 7 ಗಂಟೆ. ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ39 ಹಾರಿತು. ಒಳಗಿದ್ದದ್ದು 1,425 ಕೆ.ಜಿ.ಯ ಐಆರ್‌ಎನ್‌ಎಸ್‌ಎಸ್-1ಎಚ್. ಪರಮಾಣು ಗಡಿಯಾರಗಳು ಕೆಟ್ಟಿದ್ದ 1ಎ ಉಪಗ್ರಹದ ಜಾಗ ತುಂಬಲು ಕಳುಹಿಸಿದ್ದು. ಜೋಡಣೆಯಲ್ಲಿ ಖಾಸಗಿ ಕಂಪನಿಗಳ ಒಕ್ಕೂಟ ಕೈಜೋಡಿಸಿದ್ದರಿಂದ ನಿರೀಕ್ಷೆಯೂ ಹೆಚ್ಚಿತ್ತು.

ಮೂರು ನಿಮಿಷ ದಾಟಿದ ಮೇಲೆ ಬಿಚ್ಚಬೇಕಿದ್ದ ಹೀಟ್ ಶೀಲ್ಡ್ ಬಿಚ್ಚಲೇ ಇಲ್ಲ. ಎಂಜಿನ್‌ಗಳೆಲ್ಲ ತಮ್ಮ ಕೆಲಸ ಮಾಡಿದವು. ಆದರೆ ಸುಮಾರು ಒಂದು ಟನ್ ಹೆಚ್ಚುವರಿ ಭಾರ ಹೊತ್ತ ರಾಕೆಟ್‌ಗೆ ಬೇಕಾದ ವೇಗ ಸಿಗಲಿಲ್ಲ. 284 x 20,650 ಕಿ.ಮೀ. ಕಕ್ಷೆಯ ಗುರಿಯಿತ್ತು, ದಕ್ಕಿದ್ದರಲ್ಲಿ ಅತಿ ದೂರದ ಬಿಂದುವೇ ಸುಮಾರು 6,550 ಕಿ.ಮೀ. ಉಪಗ್ರಹ ರಾಕೆಟ್‌ನಿಂದ ಬೇರ್ಪಟ್ಟಿತು, ಆದರೆ ಹೊದಿಕೆಯೊಳಗೇ ಸೆರೆಯಾಯಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್ ಅಂದೇ ವೈಫಲ್ಯವನ್ನು ಪ್ರಕಟಿಸಿದರು. ನಾಲ್ಕೂವರೆ ತಿಂಗಳಲ್ಲಿ ಪಿಎಸ್‌ಎಲ್‌ವಿ ಮತ್ತೆ ಹಾರಿತು. ಬದಲಿ ಉಪಗ್ರಹ 1ಐ 2018ರ ಏಪ್ರಿಲ್ 12ರಂದು ಕಕ್ಷೆ ಸೇರಿತು.

ನಾಸಾಗೂ ಇದೇ ಪೆಟ್ಟು ಬಿದ್ದಿದೆ, ಅದೂ ಎರಡು ಬಾರಿ. 2009ರಲ್ಲಿ ಒಸಿಒ, 2011ರಲ್ಲಿ ಗ್ಲೋರಿ, ಎರಡೂ ಟಾರಸ್ ಎಕ್ಸ್ಎಲ್ ರಾಕೆಟ್‌ನ ಹೊದಿಕೆ ಬಿಚ್ಚದೆ ನಷ್ಟವಾದವು. ಅಲ್ಯೂಮಿನಿಯಂ ಪೂರೈಸಿದ ಕಂಪನಿ ಪರೀಕ್ಷಾ ಪ್ರಮಾಣಪತ್ರಗಳನ್ನೇ ತಿದ್ದಿತ್ತು ಎಂದು 2019ರಲ್ಲಿ ನಾಸಾ ಬಹಿರಂಗಪಡಿಸಿತು. ನಷ್ಟ 70 ಕೋಟಿ ಡಾಲರ್‌ಗೂ ಹೆಚ್ಚು.

ಕಳಚಿದ ಭಾಗಗಳು ಎಲ್ಲಿ ಬೀಳುತ್ತವೆ?

ಶ್ರೀಹರಿಕೋಟಾ ಕರಾವಳಿಯಲ್ಲಿರುವುದು ಇದೇ ಕಾರಣಕ್ಕೆ. ಧ್ರುವೀಯ ಕಕ್ಷೆಗೆ ಹೋಗುವ ಪಿಎಸ್‌ಎಲ್‌ವಿ ನೇರ ದಕ್ಷಿಣಕ್ಕೆ ಹೊರಟರೆ ಶ್ರೀಲಂಕಾದ ಮೇಲೆ ಹಾದುಹೋಗಬೇಕು. ಹಾಗಾಗಿ ಮೊದಲು ಆಗ್ನೇಯಕ್ಕೆ ಸಾಗಿ ಆಮೇಲೆ ತಿರುಗುತ್ತದೆ. ಈ ಸುತ್ತುಬಳಸು ದಾರಿಗೆ ಇಂಧನ ಹೆಚ್ಚು ಖರ್ಚಾಗುತ್ತದೆ, ಒಯ್ಯುವ ತೂಕ ಕಡಿಮೆಯಾಗುತ್ತದೆ.

ಕಕ್ಷೆಯವರೆಗೆ ಹೋಗಿ ಆಮೇಲೆ ಬೀಳುವ ಭಾಗಗಳದ್ದು ಬೇರೆ ಕಥೆ. ಅವು ಎಲ್ಲಿ ಬೀಳುತ್ತವೆ ಎಂದು ನಿಖರವಾಗಿ ಹೇಳಲಾಗದು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯ ಗೆರೆಗಳು ಕಂಡವು. ಚಂದ್ರಪುರ ಜಿಲ್ಲೆಯ ಲಾಡ್‌ಬೋರಿ ಗ್ರಾಮದಲ್ಲಿ ದೊಡ್ಡ ಲೋಹದ ಉಂಗುರವೇ ಬಿದ್ದಿತ್ತು. ಯಾರಿಗೂ ಗಾಯವಾಗಲಿಲ್ಲ. ಅದು ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್‌ನದು ಎಂದು ತಜ್ಞರು ಅಂದಾಜಿಸಿದರು. ಮರುವರ್ಷ ಆಸ್ಟ್ರೇಲಿಯಾದ ಪಶ್ಚಿಮ ಕಡಲತೀರದಲ್ಲಿ ಸಿಕ್ಕ ಬೃಹತ್ ಕೊಳವೆ ನಮ್ಮದೇ ಪಿಎಸ್‌ಎಲ್‌ವಿಯ ಮೂರನೇ ಹಂತ. ಅಂದರೆ ಕಸ ಎಲ್ಲರದ್ದೂ ಇದೆ! 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನೆಲದ ಮೇಲಾಗುವ ಹಾನಿಗೆ ಉಡಾಯಿಸಿದ ದೇಶವೇ ಹೊಣೆ. ಕೆನಡಾದಲ್ಲಿ 1978ರಲ್ಲಿ ಬಿದ್ದ ಕಾಸ್ಮೋಸ್ 954ಕ್ಕಾಗಿ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಿಯನ್ ಡಾಲರ್ ತೆತ್ತಿತ್ತು.

ಒಳಗೆ ಮನುಷ್ಯರಿದ್ದರೆ?

ಉಪಗ್ರಹ ಹೋದರೆ ಇನ್ನೊಂದನ್ನು ಕಟ್ಟಬಹುದು. ಮನುಷ್ಯರಿದ್ದಾಗ ಸೆಕೆಂಡುಗಳಲ್ಲಿ ಕ್ಯಾಪ್ಸೂಲ್ ಅನ್ನು ರಾಕೆಟ್‌ನಿಂದ ದೂರ ಒಯ್ಯಬೇಕು. ಸೋಯುಜ್‌ನಲ್ಲಿ ಫೇರಿಂಗ್‌ನ ಮೇಲ್ಭಾಗವೇ ಕ್ಯಾಪ್ಸೂಲ್ ಸಮೇತ ಕಿತ್ತುಕೊಂಡು ಹಾರುತ್ತದೆ.

1983ರ ಸೆಪ್ಟೆಂಬರ್ 26ರಂದು ಬೈಕನೂರ್‌ನಲ್ಲಿ ಉಡಾವಣೆಗೆ ಒಂದೂವರೆ ನಿಮಿಷ ಇದ್ದಾಗ ರಾಕೆಟ್‌ಗೆ ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟುಹೋಗಿದ್ದರಿಂದ ನಿಯಂತ್ರಣ ಕೊಠಡಿಯಿಂದ ರೇಡಿಯೋ ಮೂಲಕ ಆದೇಶ ಹೋಗಬೇಕಾಯಿತು. ಕ್ಯಾಪ್ಸೂಲ್ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ರಾಕೆಟ್ ಸ್ಫೋಟಿಸಿತು. ಒಳಗಿದ್ದ ಟಿಟೊವ್ ಮತ್ತು ಸ್ಟ್ರೆಕಾಲೊವ್ ಸುಮಾರು 4 ಕಿ.ಮೀ. ದೂರದಲ್ಲಿ ಜೀವಂತವಾಗಿ ಇಳಿದರು. ಅದೇ ಗೆನ್ನಾಡಿ ಸ್ಟ್ರೆಕಾಲೊವ್ ಆರು ತಿಂಗಳ ನಂತರ, 1984ರ ಏಪ್ರಿಲ್ 3ರಂದು, ರಾಕೇಶ್ ಶರ್ಮಾ ಜೊತೆ ಸೋಯುಜ್ ಟಿ-11ರಲ್ಲಿ ಹೊರಟರು!

2018ರ ಅಕ್ಟೋಬರ್ 11ರಂದು ಇನ್ನೊಂದು ಪರೀಕ್ಷೆ. ಸೋಯುಜ್ ಎಂಎಸ್-10 ಹಾರಾಟದ ಎರಡನೇ ನಿಮಿಷದಲ್ಲಿ ಕೆಟ್ಟಿತು. ತುದಿಯ ಎಸ್ಕೇಪ್ ಟವರ್ ಅಷ್ಟರಲ್ಲಾಗಲೇ ಕಳಚಿಹೋಗಿತ್ತು. ಫೇರಿಂಗ್‌ಗೇ ಅಂಟಿಸಿದ್ದ ಸಣ್ಣ ಮೋಟಾರ್‌ಗಳು ಇಬ್ಬರನ್ನೂ ಕಾಪಾಡಿದವು.

ಗಗನಯಾನದಲ್ಲೂ ಮೂತಿಯ ಮೇಲೆ ಘನ ಇಂಧನದ ಮೋಟಾರ್‌ಗಳಿರುವ ಗೋಪುರವಿದೆ. ಇದು ಕ್ಯಾಪ್ಸೂಲ್ ಅನ್ನು ಮೇಲಿನಿಂದ ಎಳೆಯುತ್ತದೆ. 2025ರ ಜೂನ್‌ನಲ್ಲಿ ಶುಕ್ಲಾ ಹೋದ ಡ್ರ್ಯಾಗನ್‌ನಲ್ಲಿ ಗೋಪುರವಿಲ್ಲ. ಕ್ಯಾಪ್ಸೂಲ್‌ನಲ್ಲೇ ಇರುವ ಎಂಟು ಎಂಜಿನ್‌ಗಳು ಅದನ್ನು ತಳ್ಳುತ್ತವೆ.

ಇಸ್ರೋ ಮೊದಲ ಪರೀಕ್ಷೆ ನಡೆಸಿದ್ದು 2018ರ ಜುಲೈ 5ರಂದು. ಲಾಂಚ್‌ಪ್ಯಾಡ್‌ನಿಂದ ನೇರವಾಗಿ ಎದ್ದ 12.6 ಟನ್‌ನ ಮಾದರಿ 259 ಸೆಕೆಂಡ್‌ಗಳಲ್ಲಿ ಸಮುದ್ರಕ್ಕಿಳಿಯಿತು. 2023ರ ಅಕ್ಟೋಬರ್ 21ರಂದು ಹಾರಾಟದ ನಡುವೆಯೇ ಪರೀಕ್ಷೆ ನಡೆಯಿತು. ಟಿವಿ-ಡಿ1 ಹೆಸರಿನ ಆ ಉಡಾವಣೆಯನ್ನು ಕಂಪ್ಯೂಟರ್ ಐದು ಸೆಕೆಂಡ್ ಇರುವಾಗ ತಡೆದಿತ್ತು. ದೋಷ ಪತ್ತೆಹಚ್ಚಿ ಬೆಳಿಗ್ಗೆ 10ಕ್ಕೆ ಹಾರಿಸಲಾಯಿತು. ಶಬ್ದಕ್ಕಿಂತ ವೇಗವಾಗಿ ಸಾಗುತ್ತಿದ್ದ ರಾಕೆಟ್‌ನಿಂದ ಸುಮಾರು 12 ಕಿ.ಮೀ. ಎತ್ತರದಲ್ಲಿ ಎಸ್ಕೇಪ್ ವ್ಯವಸ್ಥೆ ಬೇರ್ಪಟ್ಟಿತು, ಸುಮಾರು 17 ಕಿ.ಮೀ.ನಲ್ಲಿ ಕ್ಯಾಪ್ಸೂಲ್ ಹೊರಬಂತು. ಪ್ಯಾರಾಚೂಟ್‌ಗಳು ಬಿಚ್ಚಿಕೊಂಡವು. ನೀರಿಗೆ ಬಿದ್ದ ಮೇಲೆ ಮಾತ್ರ ಕ್ಯಾಪ್ಸೂಲ್ ತಲೆಕೆಳಗಾಗಿ ತೇಲುತ್ತಿತ್ತು. ನೌಕಾಪಡೆಯ ಸಿಬ್ಬಂದಿ ಅದನ್ನು ಹಾಗೆಯೇ ಹಿಡಿದು ದಡಕ್ಕೆ ತಂದರು.